ಕೊಡುವ ಮಾತಿನ ಜೊತೆ ಕಟ್ಟುವ ಮಾತೂ ಬರಲಿ: ಚಿಕ್ಕಬಳ್ಳಾಪುರ ಜಿಲ್ಲೆಯ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲೆಯ ಮಾನ್ಯ ಸಂಸದರು, ಶಾಸಕರು ಮತ್ತು ಮುಂದಿನ ಚುನಾವಣೆಗೆ ಪ್ರಣಾಳಿಕೆ ಬರೆಯಲಿರುವ ಎಲ್ಲ ಪಕ್ಷಗಳ ಮುಖಂಡರಿಗೆ,

ಮಾನ್ಯರೇ, ನಮಸ್ಕಾರಗಳು.

ನಾನು ಈ ಜಿಲ್ಲೆಯ ಒಬ್ಬ ರೇಷ್ಮೆ ಬೆಳೆಗಾರ. ಸ್ವಲ್ಪ ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಇಷ್ಟರಲ್ಲೇ ನಮ್ಮ ಬದುಕು. ಯಾವ ಪಕ್ಷದ ಕಾರ್ಯಕರ್ತನೂ ಅಲ್ಲ. ಈ ಪತ್ರ ನಿಮ್ಮಲ್ಲಿ ಒಬ್ಬರನ್ನು ಬೈದು ಇನ್ನೊಬ್ಬರನ್ನು ಹೊಗಳಲು ಬರೆದಿದ್ದಲ್ಲ. ನಿಮ್ಮೆಲ್ಲರಿಗೂ ಸೇರಿದ ಒಂದು ದೂರು ಇದೆ. ಅದನ್ನು ಎಲ್ಲರ ಮುಂದೆ ಹೇಳಬೇಕು ಅನ್ನಿಸಿತು.

ಈಗ ಎಲ್ಲಿ ಹೋದರೂ ಎರಡೇ ಮಾತು. ಒಂದು ಕಡೆಯವರು ಗ್ಯಾರಂಟಿಗಳಿಂದ ರಾಜ್ಯ ದಿವಾಳಿಯಾಗುತ್ತದೆ, ಜನ ಸೋಮಾರಿಗಳಾಗುತ್ತಾರೆ ಅನ್ನುತ್ತಾರೆ. ಇನ್ನೊಂದು ಕಡೆಯವರ ಹತ್ತಿರ ಲೆಕ್ಕ ಕೇಳಿದರೂ ಸಾಕು, ಬಡವರ ವಿರೋಧಿ ಅನ್ನುತ್ತಾರೆ. ಎರಡೂ ನಮಗೆ ಒಪ್ಪಿಗೆಯಿಲ್ಲ.

ಮೊದಲನೆಯದಕ್ಕೆ ಉತ್ತರ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಯಾರನ್ನೂ ಸೋಮಾರಿ ಮಾಡಿಲ್ಲ. ನಮ್ಮ ಬೀದಿಯ ಒಬ್ಬ ಅಕ್ಕ ಆ ದುಡ್ಡಿನಲ್ಲೇ ಮಗಳ ಕಾಲೇಜು ಫೀಸಿನ ಕಂತು ಕಟ್ಟುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಕೊಯ್ಯಲು ಹೋಗುವುದನ್ನು ಅವರೇನೂ ಬಿಟ್ಟಿಲ್ಲ. 2025-26ರ ರಾಜ್ಯ ಬಜೆಟ್ಟು 4.09 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ಅಂದರೆ ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ. ಸಣ್ಣ ಮೊತ್ತ ಅಲ್ಲ, ನಿಜ. ಆದರೆ 2019ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ಅದನ್ನು ಯಾರೂ ಬಿಟ್ಟಿ ಭಾಗ್ಯ ಅನ್ನಲಿಲ್ಲ, ಅಲ್ವಾ? ಅದಕ್ಕೆ ಸುಧಾರಣೆ ಎಂಬ ಹೆಸರು ಬಂತು. ಕೊಟ್ಟಿದ್ದರ ಲೆಕ್ಕ ಕೇಳುವುದಾದರೆ ಎಲ್ಲರಿಗೂ ಕೊಟ್ಟಿದ್ದರ ಲೆಕ್ಕ ಕೇಳಬೇಕು.

ಹಾಗಂತ ಲೆಕ್ಕ ಬೇಡ ಎಂದಲ್ಲ. ನನ್ನ ದೂರು ಇರುವುದೇ ಇಲ್ಲಿ. ನಮ್ಮ ಕಸುಬಿಗೆ ಬೇಕಾದ ಕಟ್ಟುವ ಕೆಲಸ ನಿಧಾನವಾಗಿ ನಿಂತುಹೋಗಿದೆ. ಆ ಜಾಗವನ್ನು ಚುನಾವಣೆಯ ಘೋಷಣೆಗಳು ತುಂಬಿವೆ. ಹೊರಗಿನವರಿಗೆ ಮಾರುಕಟ್ಟೆ ತೆರೆಯುವ ಸುಧಾರಣೆ ಮೇಲಿಂದ ಮೇಲೆ ಬಂತು. ನಾವು ಮಾಲು ಮಾರುವ ಮಾರುಕಟ್ಟೆಯ ಒಳಗಿನ ಸುಧಾರಣೆ ಮಾತ್ರ ಬರಲೇ ಇಲ್ಲ. ಹೊರಗಿನ ಬಾಗಿಲು ತೆಗೆದಾಗ ನಷ್ಟ ಆದವರು ಸಿಟ್ಟಾಗುತ್ತಾರೆ. ಆ ಸಿಟ್ಟು ತಣಿಸಲು ಒಂದು ಘೋಷಣೆ ಬರುತ್ತದೆ. ಘೋಷಣೆಗೆ ದುಡ್ಡು ಹೋದಮೇಲೆ ಒಳಗಿನ ಕೆಲಸಕ್ಕೆ ಉಳಿಯುವುದಿಲ್ಲ. ಮುಂದಿನ ಪೆಟ್ಟು ಬಿದ್ದಾಗ ಮತ್ತೆ ಅದೇ ಕತೆ.

ರೇಷ್ಮೆಯನ್ನೇ ನೋಡಿ. 1991ರ ಜುಲೈನಲ್ಲಿ ದೇಶದ ಹತ್ತಿರ ಕೆಲವೇ ವಾರಗಳ ಆಮದಿಗಾಗುವಷ್ಟು ವಿದೇಶಿ ಹಣ ಉಳಿದಿತ್ತು. ಚಿನ್ನ ಅಡ ಇಡಬೇಕಾಯಿತು. ಆಗ ಮಾಡಿದ ಬದಲಾವಣೆಗಳಿಂದ ದೇಶಕ್ಕೆ ಒಳ್ಳೆಯದಾಗಿದೆ ಎಂದು ನಾನೂ ಒಪ್ಪುತ್ತೇನೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ನರಸಾಪುರದ ಕಡೆಗೆ ದಿನಾ ಬೆಳಿಗ್ಗೆ ಬಸ್ ತುಂಬ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಆ ಕೆಲಸಗಳು ಅದಿಲ್ಲದೆ ಸಿಗುತ್ತಿರಲಿಲ್ಲ. ಆದರೆ ಅದೇ ದಾರಿಯಲ್ಲಿ ಚೀನಾದ ಅಗ್ಗದ ನೂಲೂ ಬಂತು. ಎಷ್ಟು ಬಂತೆಂದರೆ 2003ರಲ್ಲಿ ಕೇಂದ್ರವೇ ಅದರ ಮೇಲೆ ಆಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗದ ಮಾಲು ಸುರಿಯುವುದನ್ನು ತಡೆಯುವ ತೆರಿಗೆ, ಹಾಕಬೇಕಾಯಿತು.

ಆಮೇಲೆ 2011. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿದರು. ಇಳಿಸಿದ್ದಕ್ಕೆ ಕಾರಣ ಇರಲಿಲ್ಲ ಎಂದಲ್ಲ. ನೂಲಿನ ಬೆಲೆ ಏರಿ ನೇಕಾರರು ಒದ್ದಾಡುತ್ತಿದ್ದರು. ಅವರ ಮಗ್ಗವೂ ನಡೆಯಬೇಕು. ಆದರೆ ಆ ಹೊತ್ತಿಗೆ ನಮ್ಮ ಮನೆಗಳಲ್ಲಿ ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಕೊನೇ ಸಲ ಪೊರೆ ಬಿಡಲು, ಕೂತಿತ್ತು. ಮೊಟ್ಟೆಗೆ ದುಡ್ಡು ಕೊಟ್ಟಾಗಿತ್ತು, ಗೊಬ್ಬರ ಹಾಕಿಯಾಗಿತ್ತು, ಕೂಲಿ ಆಗಿತ್ತು. ಹುಳುವಿಗೆ ಬಜೆಟ್ಟು ಗೊತ್ತಾಗುವುದಿಲ್ಲ. ಅದು ಹಣ್ಣಾದ ದಿನ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡಲೇಬೇಕು, ಗೂಡು ಬಿಡಿಸಿದಮೇಲೆ ಮಾರಲೇಬೇಕು. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗಿ ಮೂರು ಕಾಸಿಗೂ ಬಾಳುವುದಿಲ್ಲ. ಗೂಡಿನ ಬೆಲೆ ಕುಸಿಯಿತು. ರಾಮನಗರದಿಂದ ಶಿಡ್ಲಘಟ್ಟದವರೆಗೆ ರೈತರು ರಸ್ತೆಗೆ ಇಳಿದರು. ಹಿಪ್ಪುನೇರಳೆ ಕಿತ್ತು ಹಾಕಿದವರನ್ನು ನಾನೇ ನೋಡಿದ್ದೇನೆ. ಬೇರು ಗಟ್ಟಿಯಾದ ತೋಟವನ್ನು ಜೆಸಿಬಿ ತರಿಸಿ ಅಗೆಸಿದರು.

2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವೆ ಶೇ 10ಕ್ಕೆ ಇಳಿಯಿತು. 2021ರಲ್ಲಿ ಮತ್ತೆ 15. ಹತ್ತು ವರ್ಷದಲ್ಲಿ ಇಷ್ಟು ಸಲ ಮೇಲೆ ಕೆಳಗೆ. ಒಂದು ತೋಟ ನೆಟ್ಟರೆ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಅಷ್ಟು ವರ್ಷದ ನಂಬಿಕೆಯ ಮೇಲೆ ನಾವು ಸಾಲ ಮಾಡುತ್ತೇವೆ. ನೀವು ಒಂದು ಸಂಜೆಯಲ್ಲಿ ನಿಯಮ ಬದಲಿಸುತ್ತೀರಿ. ಸುಂಕ ಇಳಿಸಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಇಳಿಸುವುದಿದ್ದರೆ ಮೊದಲೇ ಹೇಳಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಅಷ್ಟರಲ್ಲಿ ನಾವು ಸರಿಸಮ ನಿಲ್ಲುವಂತೆ ಕೈ ಹಿಡಿಯಿರಿ ಎನ್ನುತ್ತಿದ್ದೇನೆ.

ಚೀನಾ ಮಾಡಿದ್ದು ಅದನ್ನೇ. ಪ್ರಪಂಚದಲ್ಲಿ ರೇಷ್ಮೆ ಬೆಳೆಯುವುದರಲ್ಲಿ ಅವರು ಮೊದಲು, ನಾವು ಎರಡನೆಯವರು. ಅವರ ರಾಜಕೀಯ ನಮಗೆ ಬೇಡ. ಆದರೆ ಅವರು ಸುಧಾರಣೆ ಎಲ್ಲಿಂದ ಶುರು ಮಾಡಿದರು ಅನ್ನುವುದನ್ನು ನೋಡಬೇಕು. 1978ರ ನಂತರ ಅವರು ಮೊದಲು ಕೈ ಹಾಕಿದ್ದು ಹಳ್ಳಿಗೆ. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿ ಬೇಸಾಯಕ್ಕೆ ಬಿಟ್ಟರು. ಸರ್ಕಾರಕ್ಕೆ ಕೊಡಬೇಕಾದ ಪಾಲು ಹಳೇ ದರದಲ್ಲಿ ಕೊಡಿ, ಮಿಕ್ಕಿದ್ದನ್ನು ಸಂತೆಯ ದರಕ್ಕೆ ಮಾರಿಕೊಳ್ಳಿ ಎಂದರು. ಎರಡು ದರ ವರ್ಷಗಟ್ಟಲೆ ಜೊತೆಯಲ್ಲೇ ನಡೆದವು. ಯಾರಿಗೂ ಒಂದೇ ರಾತ್ರಿಯಲ್ಲಿ ನೆಲ ಕುಸಿಯಲಿಲ್ಲ. ಹಳ್ಳಿಯ ಕೈಗೆ ದುಡ್ಡು ಬಂತು, ಹಳ್ಳಿಗಳಲ್ಲೇ ಸಣ್ಣ ಕಾರ್ಖಾನೆಗಳು ಎದ್ದವು. ವಿಶ್ವ ವ್ಯಾಪಾರ ಸಂಸ್ಥೆಗೆ ಅವರು ಸೇರಿದ್ದು 2001ರ ಕೊನೆಗೆ. ಇವತ್ತು ಗೂಡಿನಿಂದ ನೂಲು ಬಿಚ್ಚುವ ನಮ್ಮ ದೊಡ್ಡ ರೀಲರ್‌ಗಳು ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ ತರಿಸುವುದು ಅವರಿಂದಲೇ. ಅವರ ನೂಲಿಗೆ ಪೈಪೋಟಿ ಕೊಡಲು ಅವರ ಮೆಷಿನ್ನೇ ಬೇಕು ಎಂಬ ಪರಿಸ್ಥಿತಿ ಇದೆ.

ನಮ್ಮ ಒಳಗಿನ ಮಾರುಕಟ್ಟೆ ಹೇಗಿದೆ? ನೀವು ಒಂದು ಬೆಳಿಗ್ಗೆ ಬಂದು ನೋಡಿ. ಉದ್ಘಾಟನೆಗೆ ಅಲ್ಲ, ಸುಮ್ನೆ ಬನ್ನಿ. ಜಾಲರಿಗಳಲ್ಲಿ ಗೂಡು ಸುರಿದಿರುತ್ತೇವೆ. ಒಬ್ಬ ರೀಲರ್ ಬಂದು ಒಂದು ಹಿಡಿ ಎತ್ತುತ್ತಾನೆ. ಹೆಬ್ಬೆರಳಿನಿಂದ ಒತ್ತುತ್ತಾನೆ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಕೋಶ ಆಗಿದೆಯೋ ಸತ್ತಿದೆಯೋ ಕೇಳುತ್ತಾನೆ. ಅಷ್ಟೇ. ಅದರ ಮೇಲೆ ಮೊಬೈಲಿನಲ್ಲಿ ಹರಾಜು ಕೂಗುತ್ತಾನೆ. ಒಂದೇ ಮನೆಯ, ಒಂದೇ ದಿನ ಬಿಡಿಸಿದ ಗೂಡನ್ನು ಎರಡು ಲಾಟ್ ಮಾಡಿದರೆ ಎರಡಕ್ಕೂ ಬೇರೆ ಬೇರೆ ದರ ಬರುವುದನ್ನು ಕಂಡಿದ್ದೇನೆ. ನಾನು ಗೂಡು ಒಯ್ಯುವ ಮಾರುಕಟ್ಟೆಯಲ್ಲಿ ಯಾಕೆ ಹೀಗೆ ಎಂದು ಕೇಳಿದರೆ, ಅವರ ಅಂದಾಜು ಅವರದು ಎಂಬ ಉತ್ತರ ಬಂತು. ರೀಲರ್‌ನದೂ ತಪ್ಪು ಎನ್ನಲಾರೆ. ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಿಚ್ಚುತ್ತದೆ ಎಂದು ಅವನಿಗೂ ಬಿಸಿನೀರಿಗೆ ಹಾಕುವ ತನಕ ಗೊತ್ತಿಲ್ಲ. ಅದಕ್ಕೇ ಹೆದರಿ ಕಡಿಮೆ ಕೂಗುತ್ತಾನೆ. ಹಾಲಿನ ಡೇರಿಯಲ್ಲಿ ನೂರು ಎಂಎಲ್ ಹಾಲಿಗೂ ಫ್ಯಾಟ್ ನೋಡುತ್ತಾರೆ. ನಾವು ತಿಂಗಳುಗಟ್ಟಲೆ ದುಡಿದ ಮಾಲಿಗೆ ಒಂದು ಪರೀಕ್ಷೆ ಇಲ್ಲ.

ಇ-ಹರಾಜು ಬಂದಿದ್ದು ಒಳ್ಳೆಯದೇ. ಮೊದಲಿನ ಕೂಗಾಟ, ಕೈಸನ್ನೆ ಹೋಯಿತು. ಹೈಟೆಕ್ ಮಾರುಕಟ್ಟೆಯ ಕಟ್ಟಡದ ಮಾತೂ ಕೇಳುತ್ತಿದ್ದೇವೆ. ಕಟ್ಟಡ ಬರಲಿ. ಆದರೆ ಗೋಡೆ, ಟೈಲ್ಸು ಹೈಟೆಕ್ ಆಗಿ, ಒಳಗೆ ಅದೇ ಹೆಬ್ಬೆರಳಿನ ಅಂದಾಜೇ ಉಳಿದರೆ ಏನು ಬದಲಾಯಿತು?

ಸದ್ದಿಲ್ಲದ ಕೆಲಸ ಎಷ್ಟು ಫಲ ಕೊಡುತ್ತದೆ ಅನ್ನುವುದಕ್ಕೆ ನಮ್ಮ ತೋಟಗಳೇ ಸಾಕ್ಷಿ. 1990ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ವಿ-1 ಹಿಪ್ಪುನೇರಳೆ ಬಂತು. ಜಪಾನಿನ ಜೈಕಾ ಸಂಸ್ಥೆಯ ನೆರವಿನಿಂದ ಸಿಎಸ್‌ಆರ್ ಎಂಬ, ಒಳ್ಳೆಯ ಬಿಳಿ ನೂಲು ಕೊಡುವ ಬೈವೋಲ್ಟೀನ್ ಹುಳು ತಳಿಗಳು ಬಂದವು. ನೆಲದ ತಟ್ಟೆಯಲ್ಲಿ ಎಲೆ ಕತ್ತರಿಸಿ ಹಾಕುತ್ತಿದ್ದ ನಾವು ರೆಂಬೆ ಸಮೇತ ಸೊಪ್ಪು ಹಾಕುವುದನ್ನು ಕಲಿತೆವು. ಇಡೀ ದಿನ ಬಗ್ಗಿ ಕೂರುತ್ತಿದ್ದ ಹೆಂಗಸರ ಸೊಂಟಕ್ಕೆ ಸ್ವಲ್ಪ ಬಿಡುವು ಸಿಕ್ಕಿತು. ಎಳೆಯ ಹುಳು ಸಾಕಿ ಕೊಡುವ ಚಾಕಿ ಕೇಂದ್ರಗಳು ಬಂದವು. ಮೊದಲು ನೂರು ಮೊಟ್ಟೆಗೆ ಬರುತ್ತಿದ್ದ ಗೂಡಿಗೂ ಈಗ ಬರುವುದಕ್ಕೂ ಹೋಲಿಕೆಯೇ ಇಲ್ಲ. ಈ ಕೆಲಸಕ್ಕೆ ಯಾವ ನಾಯಕರ ಫೋಟೋ ಇರುವ ಫ್ಲೆಕ್ಸ್ ಕಟ್ಟಲಿಲ್ಲ. ಯಾರೂ ಇದರಿಂದ ಒಂದು ಚುನಾವಣೆ ಗೆಲ್ಲಲಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ರೇಷ್ಮೆ ಇವತ್ತಿಗೂ ಉಳಿದಿದ್ದರೆ ಅದಕ್ಕೆ ಸಾಲ ಮನ್ನಾಕ್ಕಿಂತ ಇದೇ ದೊಡ್ಡ ಕಾರಣ. ಅದೇ ಇಲಾಖೆಯ ಕ್ಷೇತ್ರ ಸಿಬ್ಬಂದಿ ಈಗ ಎಲ್ಲಿದ್ದಾರೆ? ಹುಳುವಿಗೆ ರೋಗ ಬಿದ್ದ ದಿನ ಫೋನ್ ಮಾಡಿದರೆ, ಆ ಹುದ್ದೆ ಖಾಲಿ ಇದೆ, ಪಕ್ಕದ ಹೋಬಳಿಯವರೇ ಇನ್‌ಚಾರ್ಜು ಎಂಬ ಉತ್ತರ ನನಗೆ ಬಂದಿದೆ. ಅವರು ಬರುವಷ್ಟರಲ್ಲಿ ರೋಗ ತಗುಲಿದ ಹಾಲುಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಸುರಿದಾಗಿತ್ತು.

ಇನ್ನು ನೀರು. ಈ ಮಾತು ನನ್ನಂಥ ರೈತನ ಬಾಯಲ್ಲಿ ಬರುವುದು ನಿಮಗೆ ಆಶ್ಚರ್ಯ ಆಗಬಹುದು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅದರಿಂದಲೇ ನಾನೂ ಬದುಕಿದ್ದೇನೆ. ಅದನ್ನು ನಾಳೆ ಬೆಳಿಗ್ಗೆ ತೆಗೆದರೆ ಸಣ್ಣ ರೈತ ಮುಳುಗಿಹೋಗುತ್ತಾನೆ. ಆದರೆ ಪುಕ್ಕಟೆ ಕರೆಂಟಿನ ಜೊತೆ ನೀರಿಗೆ ಯಾವ ಕಟ್ಟುಪಾಡೂ ಬರಲಿಲ್ಲ. ಕೆರೆ ತುಂಬಿಸುವ ಕೆಲಸ ಹಿಂದೆ ಬಿತ್ತು, ಬೋರು ಮಾತ್ರ ಮುಂದೆ ಓಡಿತು. ಈಗ ಸಾವಿರದ ಇನ್ನೂರು ಅಡಿಗೆ ಹೋದರೂ ನೀರು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಪಕ್ಕದ ತೋಟದವರು ಕಳೆದ ಬೇಸಿಗೆಯಲ್ಲಿ ಬೋರು ಕೊರೆಸಿದರು. ಪಾಯಿಂಟ್ ನೋಡಿದವರಿಗೆ ಬೇರೆ ದುಡ್ಡು, ಲಾರಿಯವರಿಗೆ ಅಡಿ ಲೆಕ್ಕ, ಕೇಸಿಂಗ್ ಪೈಪಿಗೆ ಬೇರೆ. ರಾತ್ರಿಯೆಲ್ಲ ಲಾರಿ ಮೊರೆಯಿತು. ಬಂದಿದ್ದು ಬೂದಿಯಂಥ ಕಲ್ಲಿನ ಪುಡಿ. ಬೆಳಿಗ್ಗೆ ನೋಡಿದರೆ ಸುತ್ತಲಿನ ಹಿಪ್ಪುನೇರಳೆ ಎಲೆಯೆಲ್ಲ ಬೆಳ್ಳಗಾಗಿತ್ತು. ಆ ಸೊಪ್ಪು ಹುಳುವಿಗೂ ಆಗಲಿಲ್ಲ. ಕರೆಂಟು ಬಿಟ್ಟಿ, ನೀರು ಮಾತ್ರ ಲಕ್ಷಗಟ್ಟಲೆ ಸಾಲ.

ಎತ್ತಿನಹೊಳೆ ನೀರು ಬರುತ್ತದೆ ಎಂದು 2014ರಿಂದ ಕೇಳುತ್ತಿದ್ದೇವೆ. ಆಗ ಯೋಜನೆಯ ವೆಚ್ಚ 12,912 ಕೋಟಿ, ಈಗ 23 ಸಾವಿರ ಕೋಟಿ ದಾಟಿದೆ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆಯೂ ಆಯಿತು. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಆ ನೀರಿನ ಹೆಸರಿನಲ್ಲಿ ಓಟು ಕೇಳಿದ್ದೀರಿ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೆರೆಗಳಿಗೆ ಬಿಡುವ ಎಚ್.ಎನ್. ವ್ಯಾಲಿ ಯೋಜನೆಯಿಂದ ಕೆಲವು ಕಡೆ ಅಂತರ್ಜಲ ಚೇತರಿಸಿದೆ, ಅದನ್ನು ಮರೆಯುವುದಿಲ್ಲ. ಆ ನೀರಿಗೆ ಮೂರನೇ ಹಂತದ ಶುದ್ಧೀಕರಣ ಮಾಡಿ ಎಂಬ ಕೂಗಿಗೆ ಮಾತ್ರ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ.

ಪಂಜಾಬಿನಲ್ಲಿ 2018ರಲ್ಲಿ ಒಂದು ಪ್ರಯೋಗ ಶುರುವಾಯಿತು. ಪಂಪ್‌ಸೆಟ್ಟಿಗೆ ಮೀಟರ್ ಹಾಕಿ, ಇಂತಿಷ್ಟು ಯೂನಿಟ್ ನಿಮ್ಮ ಪಾಲು ಎಂದು ಗೊತ್ತು ಮಾಡಿದರು. ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ರೈತನ ಖಾತೆಗೆ. ಕೊಟ್ಟಿದ್ದನ್ನು ಕಿತ್ತುಕೊಳ್ಳಲಿಲ್ಲ, ಕೊಡುವ ರೀತಿ ಬದಲಿಸಿದರು. ಹನಿ ನೀರಾವರಿ ಇರುವ ನಮ್ಮ ಜಿಲ್ಲೆಯ ಹಿಪ್ಪುನೇರಳೆ ತೋಟಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಒಂದು ಹೋಬಳಿಯಲ್ಲಾದರೂ ಮಾಡಿ ನೋಡಬಾರದೇ?

ಹಾಲಿನ ಪ್ರೋತ್ಸಾಹಧನವೂ ಇಂಥದ್ದೇ. ಲೀಟರಿಗೆ 5 ರೂಪಾಯಿ ಸರ್ಕಾರ ಕೊಡುತ್ತದೆ. ಹಾಲು ಹಾಕಿದವರಿಗೆ ಮಾತ್ರ, ಹಾಕಿದಷ್ಟಕ್ಕೆ ಮಾತ್ರ. ಕೆಳಗೆ ಊರೂರಿನ ಸಂಘ ಇದೆ, ಪರೀಕ್ಷೆ ಇದೆ, ಕೊಳ್ಳುವವರು ದಿನಾ ಇದ್ದಾರೆ. ಆ ಕಟ್ಟಡದ ಮೇಲೆ ನಿಂತಿರುವುದರಿಂದ ಆ ಐದು ರೂಪಾಯಿ ದಂಡವಾಗುವುದಿಲ್ಲ. ಅದರ ಬಾಕಿ ತಿಂಗಳುಗಟ್ಟಲೆ ಉಳಿದಾಗ ಮಾತ್ರ ಹಿಂಡಿಯ ಅಂಗಡಿಯಲ್ಲಿ ನಮ್ಮ ಲೆಕ್ಕ ಬೆಳೆಯುತ್ತದೆ.

ಬೆಲೆ ಏರಿದಾಗ ನಡೆಯುವುದನ್ನೂ ಹೇಳಬೇಕು. ಪಟ್ಟಣದವರಿಗೆ ಅಗ್ಗ ಮಾಡಿಕೊಡುವುದೂ ಓಲೈಕೆಯೇ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ತಕ್ಷಣ ದೆಹಲಿಯಲ್ಲಿ ರಿಯಾಯಿತಿ ದರದಲ್ಲಿ ಮಾರಾಟ ಶುರುವಾಯಿತು, ನೇಪಾಳದಿಂದ ಆಮದು ಆಯಿತು. ಸರ್ಕಾರ ಇಷ್ಟು ಚುರುಕಾಗಿ ಕೆಲಸ ಮಾಡಬಲ್ಲದು ಎಂದು ನಮಗೆ ಆವತ್ತು ಗೊತ್ತಾಯಿತು. ಸ್ವಲ್ಪ ದಿನಕ್ಕೇ ಬೆಲೆ ನೆಲ ಕಚ್ಚಿದಾಗ ಆ ಚುರುಕು ಕಾಣಲಿಲ್ಲ.

ಅದೇ ಆಗಸ್ಟಿನಲ್ಲಿ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದರು. ನಮ್ಮ ಗುಲಾಬಿ ಈರುಳ್ಳಿಯೂ ಅದರಲ್ಲೇ ಸಿಕ್ಕಿಕೊಂಡಿತು. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬೆಳೆಯುವ ಈ ಸಣ್ಣ ಈರುಳ್ಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಇದನ್ನು ನಮ್ಮ ಅಡುಗೆಮನೆಗಳಲ್ಲಿ ಬಳಸುವುದೇ ಕಡಿಮೆ. ಮಲೇಷ್ಯಾ, ಸಿಂಗಪುರ, ಶ್ರೀಲಂಕಾಗಳಿಗೆ ಹೋಗುವ ಮಾಲಿದು. ಇದನ್ನು ತಡೆದರೆ ದೆಹಲಿಯಲ್ಲಿ ಈರುಳ್ಳಿ ಅಗ್ಗ ಆಗುವುದಿಲ್ಲ. ಸೆಪ್ಟೆಂಬರಿನಲ್ಲಿ ವಿನಾಯಿತಿ ಕೊಟ್ಟರು. ಡಿಸೆಂಬರಿನಲ್ಲಿ ಇಡೀ ರಫ್ತೇ ನಿಷೇಧ. 2024ರ ಮೇನಲ್ಲಿ ಮತ್ತೆ ಸಡಿಲ. ಸಂಸದರೇ, ವಿದೇಶದಲ್ಲಿ ಗಿರಾಕಿ ಹಿಡಿಯಲು ವರ್ಷಗಳು ಬೇಕು. ಹೀಗೆ ಬಾಗಿಲು ತೆಗೆದು ಹಾಕಿ ಮಾಡಿದರೆ ಅವನು ಬೇರೆ ದೇಶಕ್ಕೆ ಹೋಗುತ್ತಾನೆ.

ಆ ಶ್ರೀಲಂಕಾದ ಗತಿಯನ್ನೂ ನಾವು ಕಣ್ಣಾರೆ ಕಂಡೆವು. 2019ರ ಕೊನೆಗೆ ಅಲ್ಲಿನ ಹೊಸ ಸರ್ಕಾರ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿ ಕೈ ಚಪ್ಪಾಳೆ ಗಿಟ್ಟಿಸಿತು. ಖಜಾನೆ ಸೊರಗಿತು. ಕೋವಿಡ್ ಬಂದು ಪ್ರವಾಸಿಗರೂ ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿದರು, ಬೆಳೆ ಬಿದ್ದುಹೋಯಿತು, ಕೆಲವೇ ತಿಂಗಳಲ್ಲಿ ಆದೇಶ ವಾಪಸ್ಸು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟಲಾಗದು ಎಂದು ಕೈ ಚೆಲ್ಲಿದರು. ಅಲ್ಲಿ ಬಡವರಿಗೆ ಕೊಟ್ಟಿದ್ದರಿಂದ ಮಾತ್ರ ಹೀಗಾಗಲಿಲ್ಲ. ತೆರಿಗೆ ಕಡಿತ ಎಂಬ ಜನಪ್ರಿಯ ಘೋಷಣೆಯೂ, ಯಾರನ್ನೂ ಕೇಳದೆ ರಾತ್ರೋರಾತ್ರಿ ತಂದ ಬದಲಾವಣೆಯೂ ಸೇರಿ ಹೀಗಾಯಿತು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸಂಸದರು ಕಚ್ಚಾ ರೇಷ್ಮೆಯ ಸುಂಕ ಬದಲಿಸುವ ಮುನ್ನ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸುವ ನಿಯಮಕ್ಕೆ ಲೋಕಸಭೆಯಲ್ಲಿ ಒತ್ತಾಯಿಸಬೇಕು. ಅದೇ ಮಾತಿನಲ್ಲಿ ನೇಕಾರರಿಗೆ ನ್ಯಾಯದ ದರದಲ್ಲಿ ನೂಲು ಸಿಗುವ ವ್ಯವಸ್ಥೆಯನ್ನೂ ಕೇಳಬೇಕು, ಇಲ್ಲದಿದ್ದರೆ ನಮ್ಮನ್ನೂ ಅವರನ್ನೂ ಎತ್ತಿಕಟ್ಟಿದಂತಾಗುತ್ತದೆ. ಗುಲಾಬಿ ಈರುಳ್ಳಿಯನ್ನು ಮಾಮೂಲಿ ಈರುಳ್ಳಿಯ ಆದೇಶಗಳಿಂದ ಕಾಯಂ ಆಗಿ ಹೊರಗಿಡಿಸಬೇಕು. ಶಾಸಕರು ಗೂಡಿನ ಮಾರುಕಟ್ಟೆಗೆ ಪರೀಕ್ಷಾ ಕೊಠಡಿ ತರಿಸಬೇಕು. ಪ್ರತಿ ಲಾಟಿನ ಮಾದರಿ ತೆಗೆದು, ನೂಲು ಬಿಚ್ಚುವ ಸಿಪ್ಪೆಯ ಪ್ರಮಾಣ ಮತ್ತು ಜೊಳ್ಳು ಗೂಡು ಎಷ್ಟು ಎಂದು ಹರಾಜಿಗೆ ಮುಂಚೆಯೇ ಬೋರ್ಡಿನ ಮೇಲೆ ಬರಬೇಕು. ಇಲಾಖೆಯ ಖಾಲಿ ಹುದ್ದೆಗಳನ್ನು ತುಂಬಬೇಕು. ಪಂಪ್‌ಸೆಟ್ಟಿನ ಪ್ರಯೋಗಕ್ಕೆ ಒಂದು ಹೋಬಳಿ ಆರಿಸಿ, ಅಲ್ಲಿನ ರೈತರನ್ನು ಕೂರಿಸಿಕೊಂಡು ಮಾತಾಡಬೇಕು.

ಮತ್ತೆ ಪ್ರಣಾಳಿಕೆ. ಯಾವುದನ್ನು ಕೊಡುತ್ತೀರೋ ಕೊಡಿ. ಪ್ರತಿ ಭರವಸೆಯ ಪಕ್ಕದಲ್ಲಿ ಮೂರು ಸಾಲು ಬರೆಯಿರಿ. ವರ್ಷಕ್ಕೆ ಎಷ್ಟು ಖರ್ಚು, ದುಡ್ಡು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾವ ಕೆಲಸ ಮುಂದಕ್ಕೆ ಹೋಗುತ್ತದೆ. ನಾವು ಓದುತ್ತೇವೆ. ಮನೆಯ ಲೆಕ್ಕ ಬರೆಯುವ ಹೆಂಗಸರು ನಿಮಗಿಂತ ಚೆನ್ನಾಗಿ ಓದುತ್ತಾರೆ.

ಈ ಪತ್ರಕ್ಕೆ ಉತ್ತರವನ್ನು ನನ್ನೊಬ್ಬನಿಗೆ ಕೊಡುವುದು ಬೇಡ. ನಿಮ್ಮ ಕ್ಷೇತ್ರದ ಯಾವುದಾದರೂ ಗ್ರಾಮಸಭೆಗೆ ಬಂದು, ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡಲು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂದು ಎಲ್ಲರೆದುರು ಹೇಳಿ. ಆಗುವುದಿಲ್ಲ ಎಂಬ ಉತ್ತರವನ್ನೂ ಕೇಳಿಸಿಕೊಳ್ಳಲು ನಾವು ಸಿದ್ಧರಿದ್ದೇವೆ. ದಿನಾಂಕವನ್ನು ಮೊದಲೇ ಪಂಚಾಯಿತಿ ಬೋರ್ಡಿಗೆ ಹಾಕಿಸಿ.

ತಮ್ಮ ವಿಶ್ವಾಸಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ರೇಷ್ಮೆ ಬೆಳೆಗಾರ